ನಿದ್ದೆಯಲ್ಲಿ ನೂರಕ್ಕೆ ನೂರು

ಶಶಕ್ಕನ ಖಾನಾವಳಿಯಲ್ಲಿ ಗೋಧಿ ಹುಗ್ಗಿ ಆಗಬೇಕಾದರೆ ಒಂದೋ ಹಬ್ಬವಿರಬೇಕು, ಇಲ್ಲವೇ ಮನೆಯಲ್ಲಿ ಯಾರಾದರೂ ಪಾಸಾಗಿರಬೇಕು. ಆ ಮಂಗಳವಾರ ಹಬ್ಬವೇನೂ ಇರಲಿಲ್ಲ. ಆದರೂ ತಾಟಿನ ಅಂಚಿಗೆ ಹುಗ್ಗಿ, ಅದರ ಮೇಲೊಂದು ಚಮಚ ತುಪ್ಪ ಬಿದ್ದದ್ದನ್ನು ನೋಡಿ ಊಟಕ್ಕೆ ಕೂತವರು ಕತ್ತೆತ್ತಿದರು.

“ಏನ್ರಿ ಶಶಕ್ಕಾ, ಯಾರು ಪಾಸಾದ್ರು?” ಎಂದು ಕೇಳಿದವನು ದಿನಾ ಮಧ್ಯಾಹ್ನ ಉಣ್ಣಲು ಬರುವ ಬಸ್ ಕಂಡಕ್ಟರ್ ಈರಣ್ಣ.

“ನಮ್ಮ ಸೊಸಿ ಸಿಂಚನಾ. ನೂರಕ್ಕ ನೂರು.”

“ಯಾವ್ದರಾಗ್ರಿ?”

“ನಿದ್ದಿಯೊಳಗ.”

ಖಾನಾವಳಿ ಗೊಳ್ಳೆಂದಿತು. “ಈ ಪರೀಕ್ಷಾ ಮೊದಲ ಇದ್ದಿದ್ರ ನಾ ಇಷ್ಟೊತ್ತಿಗೆ ಡಿ.ಸಿ. ಆಗಿರ್ತಿದ್ದೆ” ಎಂದ ಒಬ್ಬ. “ನಮ್ಮ ಹೆಡ್ ಕ್ಲರ್ಕನ್ನ ಕಳಸ್ರಿ, ಕುರ್ಚಿ ಮ್ಯಾಲೇ ಬಂಗಾರದ ಪದಕಾ ಹೊಡಿತಾನ” ಎಂದ ಇನ್ನೊಬ್ಬ. ಈರಣ್ಣ ಮಾತ್ರ ನಗಲಿಲ್ಲ. ಖಾಕಿ ಅಂಗಿಯ ಕೆಳಗೆ ಅವನ ಸೊಂಟದಲ್ಲೂ ಸಿಂಚನಾ ಕಟ್ಟಿಕೊಂಡಂಥದೇ ಇನ್ಸುಲಿನ್ ಪಂಪ್ ಇತ್ತು.

“ಖರೇನ ನೂರಾ?” ಎಂದು ಅವನು ದನಿ ತಗ್ಗಿಸಿ ಕೇಳಿದ. “ನನಗ ಅರವತ್ತು ದಾಟವಲ್ದಕ್ಕಾ. ಹೆಂಗ ಮಾಡಿದ್ರಿ?”

“ಮನಿ ಮಂದಿ ಎಲ್ಲಾ ಸೇರಿ ಮಾಡಿದ್ವಿ ತಮ್ಮಾ” ಎಂದು ಶಶಕ್ಕ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನ ಹುಗ್ಗಿಗೆ ಬೆಲ್ಲ ಹಾಕದೆ ಬೇರೆಯಾಗಿ ತೆಗೆದಿಟ್ಟಿದ್ದಳು. ಅದನ್ನು ಹೇಳಿಕೊಳ್ಳಲಿಲ್ಲ.

ಮೈಯೊಳಗೆ ಇನ್ಸುಲಿನ್ ಹುಟ್ಟದೇ ಹೋದವರಿಗೆಲ್ಲ ಸರ್ಕಾರವೇ ಪಂಪ್ ಕೊಡುತ್ತಿದ್ದ ಕಾಲ ಅದು. ಗದಗಿನ ಆಚೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ, ಅದಕ್ಕೆಂದೇ ಒಂದು ಸಕ್ಕರೆ ನಿಗಾ ಕೇಂದ್ರ ಎದ್ದಿತ್ತು. ತೋಳಿನ ಹಿಂದೆ ಅಂಟಿಸಿದ ನಾಣ್ಯದಷ್ಟು ಅಗಲದ ಬಿಲ್ಲೆಯೊಂದು ಚರ್ಮದಡಿಯ ನೀರಿನಲ್ಲಿ ಎಷ್ಟು ಸಕ್ಕರೆ ಇದೆಯೆಂದು ಐದು ನಿಮಿಷಕ್ಕೊಮ್ಮೆ ಅಳೆದು ಪಂಪಿಗೆ ಹೇಳುತ್ತಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಆ ಪಂಪ್, ಹೊಟ್ಟೆಗೆ ಚುಚ್ಚಿದ ಸಣ್ಣ ನಳಿಕೆಯಿಂದ ಇನ್ಸುಲಿನ್ನನ್ನು ಹನಿಹನಿಯಾಗಿ ಬಿಡುತ್ತಿತ್ತು. ಸಕ್ಕರೆ ಇಳಿದರೆ ತಾನೇ ನಿಲ್ಲಿಸುತ್ತಿತ್ತು, ಏರಿದರೆ ತಾನೇ ಹೆಚ್ಚು ಬಿಡುತ್ತಿತ್ತು.

ಪಂಪ್ ಬರುವ ಮೊದಲಿನ ಒಂದು ಬೆಳಗು ಶಶಕ್ಕನಿಗೆ ಸಾಯುವ ತನಕ ಮರೆಯುವಂಥದಲ್ಲ. ಸೂಜಿಯಲ್ಲಿ ತೆಗೆದುಕೊಂಡ ಇನ್ಸುಲಿನ್ ಒಮ್ಮೆ ಮೈಗೆ ಹೋದರೆ ಹೋಯಿತು, ವಾಪಸು ಬಾ ಎಂದರೆ ಬರುವುದಿಲ್ಲ. ಹಾಗೆ ಅಳತೆ ಮೀರಿ ಹೋದ ಒಂದು ಸೂಜಿಗೆ, ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆ ಹಲ್ಲು ಕಚ್ಚಿಕೊಂಡು ಬಿದ್ದಿದ್ದಳು. ಮಗ ವಿನಾಯಕ ಗೂಡ್ಸ್ ಗಾಡಿ ತೆಗೆದುಕೊಂಡು ಗೋವಾ ಕಡೆ ಹೋಗಿದ್ದ. ಶಶಕ್ಕ ಬೆಲ್ಲವನ್ನು ತೇಯ್ದು ಅವಳ ದವಡೆಯ ಒಳಗೆ ಸವರುತ್ತಾ, “ಕಣ್ಣು ತಗಿಯವ್ವಾ, ಒಂದ್ ಸಲ ಕಣ್ಣು ತಗಿ” ಎಂದು ಕಳೆದ ಹತ್ತು ನಿಮಿಷ ಹತ್ತು ವರ್ಷವಾಗಿತ್ತು. ಪಂಪ್ ಬಂದ ಮೇಲೆ ಅಂಥದು ಮತ್ತೆ ಆಗಲಿಲ್ಲ. ಬಸುರಿ, ಹೆರಿಗೆ ಎಲ್ಲ ಸಸೂತ್ರವಾಗಿ ಆಯಿತು. ಈಗ ಐದು ತಿಂಗಳ ಹೆಣ್ಣು ಕೂಸು ಮನೆ ತುಂಬ ಇತ್ತು.

ಪಂಪನ್ನು ಕಟ್ಟಿಕೊಂಡು ಮಲಗುವುದನ್ನು ಕಲಿಯಲು ಸೊಸೆಗೆ ಹೊತ್ತು ಹಿಡಿಯಿತು ನಿಜ. ಕೊಟ್ಟ ಕ್ಲಿಪ್ಪು ಪ್ಯಾಂಟು ಹಾಕುವವರಿಗೆ ಮಾಡಿದ್ದು. ನೈಟಿಗೆ ಸಿಕ್ಕಿಸಿದರೆ ಬಟ್ಟೆ ಜಗ್ಗುತ್ತಿತ್ತು, ಹಾಸಿಗೆಯಲ್ಲಿ ಬಿಟ್ಟರೆ ನಳಿಕೆ ಸುತ್ತಿಕೊಳ್ಳುತ್ತಿತ್ತು. ಶಶಕ್ಕ ತನ್ನ ಹಳೆಯ, ತೊಳೆದು ತೊಳೆದು ಬೆಣ್ಣೆಯಾಗಿದ್ದ ನೂಲಿನ ಸೀರೆಯನ್ನು ಹರಿದು ಅಗಲವಾದ ಪಟ್ಟಿ ಹೊಲಿದಳು. ಅದಕ್ಕೊಂದು ಕಿಸೆ, ಕಿಸೆಗೊಂದು ಗುಂಡಿಕಾಜು. ಕಾಜಿನಿಂದ ನಳಿಕೆ ಹೊರಬಂದು, ಉಳಿದದ್ದು ಒಂದು ಸುತ್ತಾಗಿ ಒಳಗೇ ಮಡಚಿಕೊಂಡಿರಬೇಕು, ಕೂಸಿನ ಕಾಲ್ಬೆರಳಿಗೆ ಸಿಗಬಾರದು. ಅದನ್ನು ಕಟ್ಟಿಕೊಂಡ ದಿನ ಸಿಂಚನಾ, “ಅತ್ತೀ, ಪಂಪ್ ಐತೋ ಇಲ್ಲೋ ಅಂತ ಮುಟ್ಟಿ ನೋಡ್ಕೊಂಡೆ” ಎಂದಿದ್ದಳು.

ಎಲ್ಲ ಸರಿಯಿತ್ತು. ಒಂದೇ ಕೊರತೆ. ತೋಳಿನ ಬಿಲ್ಲೆಯ ಮೇಲೆ ಭಾರ ಬಿದ್ದರೆ, ಒದ್ದೆ ಬಟ್ಟೆಯನ್ನು ಒತ್ತಿದಂತೆ, ಅಲ್ಲಿನ ನೀರು ಅತ್ತಿತ್ತ ಸರಿದುಬಿಡುತ್ತದೆ. ಇಲ್ಲದ ಇಳಿತವನ್ನು ಬಿಲ್ಲೆ ಇದೆ ಎನ್ನುತ್ತದೆ. ಪಂಪ್ ಅದನ್ನು ನಂಬಿ ನಿಲ್ಲುತ್ತದೆ. ಬೆಳಗಾಗುವ ಹೊತ್ತಿಗೆ ಸಕ್ಕರೆ ಗುಡ್ಡ ಹತ್ತಿ ಕೂತಿರುತ್ತದೆ.

ಇದನ್ನು ಸರಿಮಾಡಲು ಎರಡು ದಾರಿಗಳಿದ್ದವು. ಬಿಲ್ಲೆಯನ್ನು ತಿದ್ದಬಹುದಿತ್ತು, ಇಲ್ಲವೇ ಮಲಗುವವರನ್ನು ತಿದ್ದಬಹುದಿತ್ತು. ಬಿಲ್ಲೆಯನ್ನು ತಿದ್ದಲು ವರ್ಷಗಳು ಬೇಕೆಂದು ಕೇಂದ್ರವು ಮಲಗುವವರನ್ನು ತಿದ್ದಲು ಹೊರಟಿತು.

ಹೀಗೆ ಶುರುವಾಯಿತು ‘ಶಯನ ಶಿಸ್ತು’. ಪಂಪಿನೊಳಗಿನ ಒಂದು ಸಣ್ಣ ಯಂತ್ರ, ರಾತ್ರಿ ಹತ್ತು ಗಂಟೆಯಿಂದ ಬೆಳಗಿನ ಐದು ಗಂಟೆಯವರೆಗೆ ಮನುಷ್ಯ ಯಾವ ಮಗ್ಗುಲಿಗಿದ್ದಾನೆ, ಎಷ್ಟು ಹೊರಳಿದ, ಬಿಲ್ಲೆ ಎಷ್ಟು ಸಲ ಒತ್ತಿತು ಎಂದು ಲೆಕ್ಕ ಇಟ್ಟು ಬೆಳಿಗ್ಗೆ ಅಂಕ ಕೊಡುತ್ತಿತ್ತು. ಅಂಗಾತ, ಅಲುಗಾಡದೆ ಮಲಗಿದವನಿಗೆ ಹೆಚ್ಚು ಅಂಕ. ಪಂಪಿಗಾಗಿ ಕಾಯುವವರ ಸಾಲು ಉದ್ದವಿದೆ, ಸರಿಯಾಗಿ ಮಲಗಲಾರದವರು ಸರಿಯಾಗಿ ಮಲಗುವವರಿಗೆ ಬಿಟ್ಟುಕೊಡಬೇಕು ಎಂಬುದು ನಿಯಮ. ಕೇಳಲು ನ್ಯಾಯದ ಮಾತಿನಂತೆಯೇ ಇತ್ತು. ಇಂಥ ಮಾತುಗಳು ಯಾವಾಗಲೂ ಹಾಗೇ ಇರುತ್ತವೆ.

ಕೂಸು ತಾಯಿಯ ತೋಳಿನ ಮೇಲೆ ತಲೆಯಿಟ್ಟು ಮಲಗುತ್ತದೆ. ಹಾಲಿಗೆ ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು. ಬಿಲ್ಲೆ ಯಾವ ತೋಳಿಗಿದ್ದರೂ ಒತ್ತಲೇಬೇಕು. ಸಿಂಚನಾಳಿಗೆ ಮೊದಲ ತಿಂಗಳು ಮೂವತ್ತೆಂಟು ಅಂಕ ಬಂತು, ಎರಡನೆಯ ತಿಂಗಳು ಮೂವತ್ತೊಂದು. ಮೂರನೆಯ ತಿಂಗಳೂ ಎಪ್ಪತ್ತು ದಾಟದಿದ್ದರೆ ಪಂಪನ್ನು ಹಿಂದಕ್ಕೆ ಪಡೆಯಲಾಗುವುದು ಎಂದು ಓಲೆ ಬಂತು.

ಶಶಕ್ಕ ಆಗ ಸಿಟ್ಟಾಗಲಿಲ್ಲ. ಅದೇ ಅವಳ ತಪ್ಪು. ಮನೆಯಲ್ಲಿ ಯಾರಿಗಾದರೂ ಪರೀಕ್ಷೆ ಬಂದರೆ ಏನು ಮಾಡುವುದು ವಾಡಿಕೆಯೋ ಅದನ್ನೇ ಮಾಡಿದಳು. ನಾಲ್ಕಾರು ಕೌದಿಗಳನ್ನು ಸುತ್ತಿ, ಹೊಲದ ಒಡ್ಡಿನಂತೆ ಸೊಸೆಯ ಎರಡೂ ಮಗ್ಗುಲಿಗೆ ಇಟ್ಟಳು. ಕೂಸನ್ನು ತನ್ನ ಬಳಿ ಮಲಗಿಸಿಕೊಂಡು, ಹಾಲಿಗೆ ಅತ್ತಾಗ ಸೊಸೆಯನ್ನು ಎತ್ತಿ ಕೂರಿಸಿದಳು. ಸೊಸೆ ಹೊರಳಿದರೆ ತಿಳಿಯಲೆಂದು ಭುಜದ ಮೇಲೆ ಕೈಯಿಟ್ಟು ಕೂತೇ ರಾತ್ರಿ ಕಳೆದಳು. ಅಂಕ ಅರವತ್ತಾಯಿತು, ಎಂಬತ್ತಾಯಿತು. ಆಮೇಲೊಂದು ದಿನ ಸಿಂಚನಾಳೇ, “ಇನ್ನ ನೀವು ಮಲಗ್ರಿ ಅತ್ತೀ, ನನಗ ರೂಢಿ ಆಗೇತಿ. ನಿಮ್ಮ ಕಣ್ಣ ಕೆಳಗ ಕಪ್ಪ ಆಗೇತಿ ನೋಡ್ರಿ” ಎಂದು ಅವಳನ್ನು ಕಳಿಸಿದಳು. ಅಂದಿನಿಂದ ದಿನಾ ತೊಂಬತ್ತೆಂಟು, ತೊಂಬತ್ತೊಂಬತ್ತು. ಈಗ ನೂರು. ಹುಗ್ಗಿ ಆದದ್ದು ಅದಕ್ಕೆ.

ಮರುದಿನ ಊಟದ ಹೊತ್ತಿಗೆ ಶಶಕ್ಕ ಪಲ್ಯದ ಬೋಗುಣಿ ಹಿಡಿದು ಹೊರಗೆ ಬಂದಿದ್ದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಇಪ್ಪತ್ತು ವರ್ಷ ಆ ಸದ್ದಿನಲ್ಲೇ ಬದುಕಿದವಳಿಗೆ ಅದು ಯಾಕೆ ನಿಂತಿತು ಎಂದು ಕೇಳುವುದು ಬೇಕಿರಲಿಲ್ಲ. ಓಡಿದಳು.

ಸಿಂಚನಾ ಕೂತಲ್ಲೇ ಮುಂದಕ್ಕೆ ವಾಲಿದ್ದಳು. ಹಿಟ್ಟಿನ ಕೈ ಹಂಚಿನ ಮೇಲಿತ್ತು. ಅದು ಸುಡುತ್ತಿದೆ ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಶಶಕ್ಕ ಕೈಯೆಳೆದು ನೀರಿನ ಕೊಡದಲ್ಲಿ ಅದ್ದಿದಾಗ ಹುಡುಗಿ ಬೆಚ್ಚಿ, ಮೊದಲು ಹೇಳಿದ ಮಾತು ಇದು: “ಹೊರಳಿಲ್ರಿ. ನಾ ಹೊರಳಿಲ್ರಿ.”

ಪಂಪಿನಲ್ಲಿ ಸಕ್ಕರೆ ಇನ್ನೂರ ಎಂಬತ್ತು ತೋರಿಸುತ್ತಿತ್ತು. ಹಗಲು ಹೊತ್ತಿನಲ್ಲಿ ಅಷ್ಟು ಏರಿದ್ದು ಈ ಒಂದು ವಾರದಿಂದ ಎಂದು ಶಶಕ್ಕ ಆಗ ನೋಡಿದಳು.

“ಖರೇ ಹೇಳು. ನಿದ್ದಿ ಮಾಡಿ ಎಷ್ಟು ದಿನಾತು?”

ಸಿಂಚನಾ ಸುಟ್ಟ ಅಂಗೈಯನ್ನೇ ನೋಡುತ್ತ ಕೂತಳು.

“ನಾ ಮಲಗೇ ಇಲ್ರಿ ಅತ್ತೀ. ನಿದ್ದಿ ಹತ್ತಿದ್ರ ಹೊರಳತೇನಿ. ಅದಕ್ಕ ಹತ್ತಗೊಡಲಿಲ್ಲ. ಅಂಗಾತ ಬಿದ್ಕೊಂಡು ಜಂತಿ ಎಣಿಸ್ತೇನಿ. ಬೆಳಗಾ ಮುಂಜಾನೆ ನೀವು ಗಿರಣಿಗೆ ಹೋದಾಗ ಒಂದರ್ಧ ತಾಸು ಗ್ವಾಡಿಗೆ ಆತು ಕುಂತಿರ್ತೇನಿ, ಅಷ್ಟ.”

“ಎಷ್ಟು ದಿನಾ?”

“ಹದಿನಾರು.”

ಶಶಕ್ಕ ಹಂಚನ್ನು ಒಲೆಯಿಂದ ಇಳಿಸಿದಳು. ಯಂತ್ರಕ್ಕೆ ಮೈ ಯಾವ ಮಗ್ಗುಲಿಗಿದೆ ಎಂದು ತಿಳಿಯುತ್ತಿತ್ತು, ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯುತ್ತಿರಲಿಲ್ಲ. ಹೆಣದ ಹಾಗೆ ಬಿದ್ದು ಎಚ್ಚರವಿದ್ದವಳಿಗೆ ಅದು ನೂರು ಕೊಟ್ಟಿತ್ತು. ಆ ನೂರಕ್ಕೆ ತಾನು ಊರಿಗೆ ತುಪ್ಪ ಬಡಿಸಿದ್ದಳು! ನಿದ್ದೆಗೆಟ್ಟರೆ ಸಕ್ಕರೆ ಏರುತ್ತದೆ ಎಂದು ಯಾವ ನರ್ಸಮ್ಮನನ್ನು ಕೇಳಿದರೂ ಹೇಳುತ್ತಾಳೆ. ಸಕ್ಕರೆ ಸರಿಯಿಡಲೆಂದು ಕೊಟ್ಟ ಯಂತ್ರವನ್ನು ಉಳಿಸಿಕೊಳ್ಳಲು ಈ ಹುಡುಗಿ ಸಕ್ಕರೆಯನ್ನೇ ಕೆಡಿಸಿಕೊಂಡು ಕೂತಿದ್ದಳು.

“ನನ್ನ ಮಲಗಾಕ ಕಳಿಸಿದಿ, ನೀ ಎಚ್ಚರಿದ್ದಿ” ಎಂದಳು ಶಶಕ್ಕ. ಸೊಸೆಯ ಮೇಲೆ ಸಿಟ್ಟು ಬರಲಿಲ್ಲ. ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ಆ ಕ್ಷಣ ತಿಳಿಯಲಿಲ್ಲ.

ಮರುದಿನವೇ ಆ ಜಾಗವೂ ಸಿಕ್ಕಿತು. ಕೇಂದ್ರದಿಂದ ಫೋನು ಬಂತು. ಮಾತನಾಡಿದವರು ಅಲ್ಲಿನ ಮುಖ್ಯಸ್ಥರಾದ ಡಾಕ್ಟರ್ ಅಭಿನಂದನ. ತುಂಬಾ ಮರ್ಯಾದೆಯ ಮಾತು.

“ಅಭಿನಂದನೆಗಳಮ್ಮಾ. ನಿಮ್ಮ ಸೊಸೆಯವರದು ಇಡೀ ವಿಭಾಗದಲ್ಲೇ ಅತ್ಯುತ್ತಮ ನಿದ್ರೆ. ಮಗು ಇಟ್ಟುಕೊಂಡೂ ನೂರು! ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸನ್ಮಾನ ಇಟ್ಟುಕೊಂಡಿದ್ದೇವೆ. ಕಡಿಮೆ ಅಂಕದವರನ್ನೂ ಕರೆಸಿದ್ದೇವೆ. ಅವರ ಮುಂದೆ ಹೇಗೆ ಮಲಗುತ್ತಾರೆ ಅಂತ ತೋರಿಸಿದರೆ ಸಾಕು.”

“ಹಗಲು ಹನ್ನೊಂದಕ್ಕ ಮಲಗಬೇಕೇನ್ರಿ?”

“ಕಚೇರಿ ವೇಳೆ ಅದೇ ಅಲ್ಲವೇನಮ್ಮಾ. ಇನ್ನೊಂದು ಮಾತು. ಒಂದನೇ ತಾರೀಖಿನಿಂದ ಅವರ ನಿದ್ರೆಯನ್ನೇ ಮಾದರಿ ಅಂತ ಎಲ್ಲ ಪಂಪ್‌ಗಳಿಗೂ ಹಾಕುತ್ತಿದ್ದೇವೆ. ನಲವತ್ತು ಸಾವಿರ ಜನ ಅವರ ಹಾಗೆ ಮಲಗುವುದನ್ನು ಕಲಿಯುತ್ತಾರೆ.”

ಶಶಕ್ಕ ಫೋನಿಟ್ಟು ಸಿಂಚನಾಳ ಬಳಿ ಬಂದು ಕೂತಳು. ನಲವತ್ತು ಸಾವಿರ ಜನ ಜಂತಿ ಎಣಿಸುವುದು ಅವಳ ಕಣ್ಣಿಗೆ ಬಂತು.

“ಹೇಳಿಬಿಡೂಣು” ಎಂದಳು.

“ಬ್ಯಾಡ್ರಿ ಅತ್ತೀ!” ಸಿಂಚನಾ ಅವಳ ಕೈ ಹಿಡಿದುಕೊಂಡಳು. “ಮೋಸಾ ಮಾಡಿದ್ಲು ಅಂತ ಬರೀತಾರ. ಪಂಪ್ ಬಿಚ್ಚಿಸ್ಕೊಂತಾರ. ಮತ್ತ ಸೂಜಿ. ಕೂಸಿಗೆ ಹಾಲು ಕುಡಿಸ್ದಾಗ ಮೊದಲ ಸಕ್ಕರಿ ಇಳಿತೈತಿ. ನೀವು ಪ್ಯಾಟಿಗೆ ಹೋದಾಗ ನಾ ಕೂಸಿನ್ನ ತೊಡಿ ಮ್ಯಾಲ ಇಟ್ಕೊಂಡು ಹಲ್ಲು ಕಚ್ಚಿ ಬಿದ್ರ? ನನಗ ಬೆಲ್ಲಾ ಯಾರು ತೇಯಬೇಕ್ರಿ?”

ವಿನಾಯಕನೂ ಫೋನಿನಲ್ಲಿ ಅದನ್ನೇ ಹೇಳಿದ. “ಸುಮ್ನ ಶಾಲು ಹೊದಿಸ್ಕೊಂಡು ಬಂದುಬಿಡ್ರಿ ಯವ್ವಾ. ದೊಡ್ಡೋರ ಕೂಡ ವಾದ ಬ್ಯಾಡ.”

ಶಶಕ್ಕ ಆಗಲಿ ಎಂದಳು. ಮನಸ್ಸು ಒಪ್ಪಲಿಲ್ಲ, ಬಾಯಿ ಒಪ್ಪಿತು. ಸಿಂಚನಾ ಹಿಂದಿನ ರಾತ್ರಿಯಂತೆ ಆ ರಾತ್ರಿಯೂ ಅತ್ತೆಯ ಮಾತು ಕೇಳದೆ ಜಂತಿ ಎಣಿಸಿದಳು.

ಕೇಂದ್ರದ ದೊಡ್ಡ ಕೋಣೆ ಸಿನಿಮಾ ಥಿಯೇಟರಿನಂತೆ ತಣ್ಣಗಿತ್ತು. ಗೋಡೆಯ ತುಂಬ ಪರದೆ. ಪರದೆಯ ಮೇಲೆ ಸಾವಿರಾರು ಹಸಿರು, ಹಳದಿ, ಕೆಂಪು ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬೊಬ್ಬ ಮನುಷ್ಯ ಎಂದು ಒಬ್ಬರು ವಿವರಿಸಿದರು. ಮುಂದುಗಡೆ ಬಿಳಿ ಚಾದರ ಹಾಸಿದ ಒಂದು ಮಂಚ, ಅದರ ಎದುರಿಗೆ ಕಾರ್ಪೆಟ್ಟಿನ ಮೇಲೆ ಸಾಲಾಗಿ ಕುರ್ಚಿಗಳು. ಕಡಿಮೆ ಅಂಕದವರು ಇಪ್ಪತ್ತು–ಇಪ್ಪತ್ತೈದು ಜನ ಸೋತ ಮುಖ ಹಾಕಿಕೊಂಡು ಕೂತಿದ್ದರು. ಅವರಲ್ಲಿ ಈರಣ್ಣನೂ ಇದ್ದ. ಶಶಕ್ಕನನ್ನು ನೋಡಿ ಅರ್ಧ ಕೈಯೆತ್ತಿದ.

ಸಿಂಚನಾಳ ಸುಟ್ಟ ಅಂಗೈಯನ್ನು ಮೊದಲು ಕಂಡವಳು ಅಲ್ಲಿನ ನರ್ಸ್ ರುಕ್ಸಾನಾ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮುಲಾಮು ಹಚ್ಚಿ, ಹೊಸ ಬಟ್ಟೆ ಸುತ್ತಿದಳು. ಆಮೇಲೆ ಅವಳ ಕಣ್ಣುಗಳನ್ನು ನೋಡಿ, ಶಶಕ್ಕನ ಕಡೆ ತಿರುಗಿ, “ಈಕಿ ನೂರು ತಗೊಂಡಾಕ್ಯಾ?” ಎಂದಳು. ಶಶಕ್ಕ ಕೂಸಿನ ಬಟ್ಟೆ ಸರಿಮಾಡತೊಡಗಿದಳು. ರುಕ್ಸಾನಾ ಒಂದು ಲೋಟ ನೀರು ತಂದುಕೊಟ್ಟಳು.

ಅಭಿನಂದನರು ನಲವತ್ತರ ಒಳಗಿನ ಚುರುಕಾದ ಮನುಷ್ಯ. ಕೆಟ್ಟವರಲ್ಲ. ಸಂಖ್ಯೆಗಳನ್ನು ನಂಬಿದವರು, ಅಷ್ಟೇ. ಸಿಂಚನಾಳ ಹದಿನೆಂಟು ರಾತ್ರಿಗಳ ಗೆರೆಯನ್ನು ಪರದೆಯ ಮೇಲೆ ಹಾಕಿದರು. ನೆಟ್ಟಗೆ, ಒಂದೂ ಅಂಕುಡೊಂಕಿಲ್ಲದೆ, ಗೆರೆ ಈ ತುದಿಯಿಂದ ಆ ತುದಿಗೆ ಹೋಗಿತ್ತು.

“ನೋಡಿ, ಒಂದು ಸಲವೂ ಹೊರಳಿಲ್ಲ. ಇದಕ್ಕೆ ಬೇಕಾದದ್ದು ಮನಸ್ಸು. ಇವರಿಂದ ಆದದ್ದು ನಿಮ್ಮಿಂದ ಯಾಕೆ ಆಗಬಾರದು?”

ಕುರ್ಚಿಗಳಲ್ಲಿ ತಲೆಗಳು ಇನ್ನಷ್ಟು ತಗ್ಗಿದವು.

ಸಿಂಚನಾ ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಪರದೆಯ ಮೂಲೆಯಲ್ಲಿ ನೂರು ಎಂದು ಹಸಿರಾಗಿ ಬಂತು. ಕೆಲವರು ಚಪ್ಪಾಳೆ ತಟ್ಟಿದರು. ಶಶಕ್ಕನ ಮಡಿಲಲ್ಲಿದ್ದ ಕೂಸು ಆ ಸದ್ದಿಗೆ ಎದ್ದು, ತಾಯಿಯನ್ನು ಕಂಡು, ಹಸಿವಿನಿಂದ ರಚ್ಚೆ ಹಿಡಿಯಿತು. ಶಶಕ್ಕ ಭುಜಕ್ಕೆ ಹಾಕಿಕೊಂಡು ತಟ್ಟಿದಳು, ಓಡಾಡಿದಳು. ಅದು ನಿಲ್ಲಲಿಲ್ಲ.

“ಹೊರಗೆ ಕರೆದುಕೊಂಡು ಹೋಗಿ” ಎಂದರು ಅಭಿನಂದನ.

ರುಕ್ಸಾನಾ ಅದಕ್ಕೆ ಮೊದಲೇ ಎದ್ದಿದ್ದಳು. ಕೂಸನ್ನು ಶಶಕ್ಕನ ಕೈಯಿಂದ ಎತ್ತಿಕೊಂಡು ಹೊರಗೆ ಹೋಗಲಿಲ್ಲ. ನೇರ ಮಂಚಕ್ಕೆ ಹೋಗಿ, ಅದನ್ನು ತಾಯಿಯ ಮಗ್ಗುಲಿಗೆ ಮಲಗಿಸಿ, ಮಂಚದ ನಾಲ್ಕೂ ಕಡೆ ಬಟ್ಟೆಯ ಪರದೆ ಎಳೆದಳು. “ಹಸದೈತ್ರಿ ಸರ್” ಎಂದಳು, ಅಷ್ಟೇ.

ಅಳು ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಗೋಡೆಯ ಮೇಲಿನ ನೂರು ಎಂಬತ್ತಾಯಿತು. ಐವತ್ತಾಯಿತು. ಆಮೇಲೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದು ಕೆಂಪಾಯಿತು, ಪಂಪ್ ಕೂಗತೊಡಗಿತು. ಸಕ್ಕರೆ ಐವತ್ತೆರಡು. ಇನ್ಸುಲಿನ್ ನಿಲ್ಲಿಸಲಾಗಿದೆ ಎಂದು ಗೋಡೆಯ ಮೇಲೆ ಬಂತು.

ಶಶಕ್ಕ ಪರದೆಯ ಸೆರಗನ್ನು ಸರಿಸಿ ಒಳಗೆ ಇಣುಕಿದಳು. ಸಿಂಚನಾ ಎಡಮಗ್ಗುಲಿಗೆ ಹೊರಳಿದ್ದಳು. ಕೂಸಿನ ತಲೆ ಅವಳ ತೋಳಿನ ಮೇಲೆ, ಬಿಲ್ಲೆ ಇದ್ದಲ್ಲೇ, ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ಹದಿನೆಂಟು ರಾತ್ರಿಗಳ ನಿದ್ದೆ ಒಮ್ಮೆಲೇ ಅವಳ ಮೇಲೆ ಕುಸಿದುಬಿದ್ದಂತೆ, ಪಂಪ್ ಹೊಟ್ಟೆಯ ಮೇಲೆ ಅಷ್ಟು ಕೂಗುತ್ತಿದ್ದರೂ, ಅವಳು ಗೊರಕೆ ಹೊಡೆಯುತ್ತಿದ್ದಳು.

“ಎಬ್ಬಿಸಿ ಅವರನ್ನು” ಎಂದು ಅಭಿನಂದನ ಮುಂದೆ ಬಂದರು.

ಶಶಕ್ಕ ಪರದೆಯನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಇಪ್ಪತ್ತು ವರ್ಷ ಊಟ ಬಡಿಸಿದ ಕೈಗಳನ್ನು ಅಗಲಕ್ಕೆ ಚಾಚಿದಳು.

“ಎಬ್ಬಿಸಬ್ಯಾಡ್ರಿ.”

“ಅಮ್ಮಾ, ಸಕ್ಕರೆ ಐವತ್ತೆರಡು—”

“ಬೆರಳು ಚುಚ್ಚಿ ನೋಡ್ರಿ. ಯಂತ್ರಾ ಬಿಟ್ಟು ಮನಷ್ಯಾಳನ್ನ ನೋಡ್ರಿ ಒಂದ್ ಸಲಾ!”

ರುಕ್ಸಾನಾ ಆಗಲೇ ಒಳಗೆ ನುಸುಳಿದ್ದಳು. ಹೊರಗೆ ಬಂದು ಚಿಕ್ಕ ಯಂತ್ರವನ್ನು ಎತ್ತಿ ತೋರಿಸಿದಳು. “ರಕ್ತದಾಗ ನೂರಾ ಎಂಬತ್ನಾಕೈತ್ರಿ ಸರ್. ಇಳಿದಿಲ್ಲ, ಏರೇತಿ. ಬಿಲ್ಲಿ ಒತ್ತೇತಿ, ಅಷ್ಟ. ಪಂಪ್ ನಾನ ಚಾಲೂ ಮಾಡೇನಿ. ಅರ್ಧ ತಾಸಿಗೊಮ್ಮೆ ಬೆರಳು ನೋಡ್ತೇನಿ. ಆಕಿ ಮಲಗಲಿ.”

ಅಭಿನಂದನರಿಗೆ ಇದು ಅರ್ಥವಾಗಲಿಲ್ಲವೆಂದಲ್ಲ. ಗೋಡೆಯ ಮೇಲಿನ ಗೆರೆಯ ಕಡೆ ಒಮ್ಮೆ, ಮಂಚದ ಕಡೆ ಒಮ್ಮೆ ನೋಡಿದರು. “ಹಾಗಾದರೆ ಹದಿನೆಂಟು ದಿನ...”

ಮನೆಯಲ್ಲಿ ಆಗಲಿ ಎಂದಿದ್ದ ಬಾಯಿಗೆ ಈಗ ತಡೆಯಲಾಗಲಿಲ್ಲ.

“ಎಚ್ಚರ ಇದ್ದಳ್ರಿ. ಕಣ್ಣಾಗ ಕಣ್ಣಿಟ್ಟು ಬಿದ್ದಿದ್ಲು. ನೀವು ಪಂಪ್ ಕಸಗೋತೇನಿ ಅಂದ್ರಿ, ಅದಕ್ಕ. ನಿನ್ನಿ ಮೊನ್ನಿ ರೊಟ್ಟಿ ಹಂಚಿನ ಮ್ಯಾಲ ಕೈ ಸುಟ್ಕೊಂಡು ಎದ್ದಾಗೂ ‘ಹೊರಳಿಲ್ಲ’ ಅಂದ್ಲು. ಇಂಥಾಕಿ ನಿದ್ದಿನ ನೀವು ನಲವತ್ತು ಸಾವಿರ ಮಂದಿಗೆ ಕಲಸ್ತೀರೇನ್ರಿ? ಮಲಗೂದಕ್ಕೂ ಪಾಸು–ನಪಾಸು ಇಟ್ಟೀರಲ್ಲಾ, ಕೂಸು ತಾಯಿ ತೋಳಿನ ಮ್ಯಾಲ ಮಲಗತೈತಿ ಅನ್ನೂದು ನಿಮ್ಮ ಇಷ್ಟು ದೊಡ್ಡ ಗ್ವಾಡಿಯೊಳಗ ಎಲ್ಲೂ ಬರದಿಲ್ಲೇನ್ರಿ? ಈ ಯಂತ್ರಾ ಪರೀಕ್ಷಾ ಮಾಡಾಗ ಯಾರನ್ನ ಮಲಗ್ಸಿದ್ರಿ?”

“ಸ್ವಯಂಸೇವಕರು... ನಮ್ಮ ಸಿಬ್ಬಂದಿ. ಇಪ್ಪತ್ತು ಜನ.”

“ಅದರಾಗ ಹೆಣ್ಮಕ್ಕಳು ಎಷ್ಟು? ಕೂಸಿದ್ದೋರು ಎಷ್ಟು?”

ಅವರು ಕೈಯಲ್ಲಿದ್ದ ಕಾಗದ ತಿರುವಿದರು.

“ನೀವು ಹೆಂಗ ಮಲಗ್ತೀರಿ ಸಾಹೇಬ್ರ?”

ಎಲ್ಲರ ಕಣ್ಣೂ ಅವರ ಮೇಲಿದ್ದವು. “ಬೋರಲು” ಎಂದರು ಅಭಿನಂದನ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರಿಗೆ ನಗು ಬರಲಿಲ್ಲ. “ಆದರೆ ಅಮ್ಮಾ, ನಿಯಮದ ಪ್ರಕಾರ ಇದು ಸುಳ್ಳು ದಾಖಲೆ. ಪಂಪ್ ಹಿಂದಕ್ಕೆ ಪಡೆಯಬೇಕಾಗುತ್ತದೆ. ನನ್ನ ಕೈಯಲ್ಲಿಲ್ಲ.”

ಮನೆಯಲ್ಲಿ ಸಿಂಚನಾ ಹೇಳಿದ್ದು ಇದನ್ನೇ. ಶಶಕ್ಕ ಚಾಚಿದ ಕೈಗಳನ್ನು ಕೆಳಗಿಳಿಸಲಿಲ್ಲ. ತಾನೇ ಆಡಿದ ಮಾತಿಗೆ ಸೊಸೆಯ ಜೀವದ ಯಂತ್ರ ಹೋಗುತ್ತಿತ್ತು.

ಆಗ ಈರಣ್ಣ ಎದ್ದು ನಿಂತ.

“ಸಾಹೇಬ್ರ, ನನಗ ಹೋದ ತಿಂಗಳು ಅರವತ್ತು. ಹೆಂಗ ಬಂತು ಹೇಳ್ಲೇನು? ಅರ್ಧಾ ರಾತ್ರಿ ಕುಂತಿರ್ತೇನಿ. ಮರುದಿನ ಹುಬ್ಬಳ್ಳಿ ಬಸ್ಸಿನ್ಯಾಗ ನಿಂತಲ್ಲೇ ತೂಕಡಿಸ್ತೇನಿ. ಒಂದ್ ಸಲಾ ಫುಟ್‌ಬೋರ್ಡಿನಿಂದ ಬೀಳಾಂವ ಇದ್ದೆ. ನಾನೂ ಸುಳ್ಳು ದಾಖಲೇನ. ನಂದೂ ತಗೋರಿ.”

ಹೇಳಿದವನೇ ಕಾಲಿನ ಬೂಟು ಬಿಚ್ಚಿ, ಟಿಕೆಟ್ ಚೀಲವನ್ನು ತಲೆಗೆ ಇಟ್ಟುಕೊಂಡು, ಕಾರ್ಪೆಟ್ಟಿನ ಮೇಲೆ ಬಲಮಗ್ಗುಲಿಗೆ, ಮೊಣಕಾಲು ಹೊಟ್ಟೆಗೆ ಸೇರಿಸಿ, ಮಲಗಿಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಪಂಪೂ ಕೂಗಿತು. ಅವನು ಏಳಲಿಲ್ಲ.

ಅವನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ತನ್ನ ಚಪ್ಪಲಿ ನೋಡಿಕೊಂಡಳು, ಅಭಿನಂದನರನ್ನು ನೋಡಿದಳು. ಆಮೇಲೆ ದುಪಟ್ಟಾ ಮುಖದ ಮೇಲೆಳೆದು ಬೋರಲು ಬಿದ್ದಳು. ಒಬ್ಬ ಅಜ್ಜ ಕುರ್ಚಿಯಿಂದ ನಿಧಾನವಾಗಿ ಇಳಿದು, “ನಾ ಮೂರು ತಿಂಗಳಾತು ನನ್ನ ಮಗ್ಗಲಾ ಕಂಡಿಲ್ಲ ಯಪ್ಪಾ” ಎನ್ನುತ್ತ ಗೋಡೆಯ ಕಡೆ ಮುಖ ಮಾಡಿದ. ಆಮೇಲೆ ಯಾರು ಮೊದಲು, ಯಾರು ಆಮೇಲೆ ಎಂದು ಹೇಳುವಂತಿರಲಿಲ್ಲ. ಎಲ್ಲರೂ ಮಲಗಲಿಲ್ಲ. ನಾಲ್ಕೈದು ಜನ ಹೆದರಿ ಬಾಗಿಲ ಕಡೆ ಹೋದರು. ನಿವೃತ್ತ ಮಾಸ್ತರೊಬ್ಬರು, “ನನಗ ಒಂದೇ ಅಂಕ ಕಮ್ಮಿ ಐತಿ, ನಾ ಯಾಕ ಮಲಗ್ಲಿ?” ಎಂದು ಕುರ್ಚಿ ಬಿಡದೆ ನೆಟ್ಟಗೆ ಕೂತರು. ಆದರೆ ಹದಿನೈದು ಹದಿನಾರು ಜನ ಆ ತಣ್ಣನೆಯ ಕೋಣೆಯಲ್ಲಿ, ಕೈ ಮೇಲೆ ತಲೆಯಿಟ್ಟು, ಕಾಲ ಮೇಲೆ ಕಾಲು ಹಾಕಿ, ಅವರವರ ಮನೆಯಲ್ಲಿ ಅವರವರ ತಾಯಂದಿರು ಮಲಗಿಸಿದ ಹಾಗೆ ಮಲಗಿದ್ದರು. ಗೋಡೆಯ ಮೇಲೆ ಒಂದರ ಹಿಂದೊಂದು ಚುಕ್ಕೆ ಕೆಂಪಾಯಿತು. ಪಂಪುಗಳ ಕೂಗು ಜೀರುಂಡೆಗಳ ಹಾಗೆ ಏರಿತು. ಆ ಕೂಗಿನಲ್ಲೂ ಕೆಲವರಿಗೆ ನಿಜವಾಗಿ ನಿದ್ದೆ ಹತ್ತಿತ್ತು.

ರುಕ್ಸಾನಾ ಇನ್ನಿಬ್ಬರು ನರ್ಸುಗಳನ್ನು ಕರೆದಳು. ಮೂವರೂ ಚಪ್ಪಲಿ ಬಿಟ್ಟು, ಮಲಗಿದವರ ನಡುವೆ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತ, ಒಬ್ಬೊಬ್ಬರ ಬೆರಳು ಚುಚ್ಚಿ ನೋಡಿ, ನಿಂತ ಪಂಪನ್ನು ಚಾಲೂ ಮಾಡಿದರು. ಒಬ್ಬರದೂ ಖರೇ ಇಳಿದಿರಲಿಲ್ಲ.

ಅಭಿನಂದನ ಒಬ್ಬರೇ ಗೋಡೆಯ ಚುಕ್ಕೆಗಳ ಮುಂದೆ ನಿಂತಿದ್ದರು. ರುಕ್ಸಾನಾ ಒಂದೊಂದು ಬೆರಳಿನ ಸಂಖ್ಯೆಯನ್ನೂ ಅವರ ಕೈಗೆ ಬರೆದುಕೊಟ್ಟಳು. ಅವರು ಒಂದು ಕಡೆ ಯಂತ್ರ ಹೇಳಿದ್ದು, ಇನ್ನೊಂದು ಕಡೆ ರಕ್ತ ಹೇಳಿದ್ದು ಓದಿದರು. ಮತ್ತೆ ಓದಿದರು. ಆಮೇಲೆ ಮೇಜಿನ ಬಳಿ ಹೋಗಿ ಏನನ್ನೋ ಒತ್ತಿದರು. ಕೂಗೆಲ್ಲ ನಿಂತು ಕೋಣೆ ಮೌನವಾಯಿತು. ಅವರೇ ಕಿಟಕಿಯ ಪರದೆಯನ್ನೂ ಎಳೆದರು.

“ಇವರೆಲ್ಲರ ಪಂಪ್ ತೆಗೆದುಕೊಂಡರೆ ಎಲ್ಲ ಪಂಪುಗಳನ್ನೂ ತೆಗೆದುಕೊಳ್ಳಬೇಕಾಗುತ್ತದೆ” ಎಂದರು ಮೆಲ್ಲಗೆ. “ಅಂಕ ನಿಲ್ಲಿಸುತ್ತೇನಮ್ಮಾ. ಬಿಲ್ಲೆಯನ್ನೇ ತಿದ್ದಬೇಕು.”

“ಬರದು ಕೊಡ್ರಿ.”

“ನನ್ನ ಮಾತು—”

“ನಿಮ್ಮ ಮಾತು ಚಲೋ ಐತಿ. ನಾಳೆ ನಿಮ್ಮ ವರ್ಗಾ ಆತಂದ್ರ ಮಾತೂ ನಿಮ್ಮ ಹಿಂದ ಹೋಗ್ತೈತಿ. ಬರದು, ಸಹಿ ಮಾಡಿ, ಸಿಕ್ಕಾ ಒತ್ತಿ ಕೊಡ್ರಿ. ಯಾರ ಪಂಪೂ ತಗೋಣಂಗಿಲ್ಲ ಅನ್ನೂದೂ ಇರಲಿ.”

ಅವರು ಬರೆದರು. ಶಶಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ‘ತಾತ್ಕಾಲಿಕವಾಗಿ’ ಎಂಬ ಪದವನ್ನು ಹೊಡೆಸಿದಳು. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಪರದೆಯೊಳಗೆ ಹೋಗಿ ಮಂಚದ ಬಳಿ ಕೂತಳು. ಹಾಲು ಕುಡಿದು ಮುಗಿಸಿದ್ದ ಕೂಸು ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿತ್ತು. ಅದನ್ನು ಸದ್ದಿಲ್ಲದೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಸಿಂಚನಾಳ ತೋಳಿನ ಮೇಲೆ ಬಿಲ್ಲೆಯ ಸುತ್ತ ಕೂಸಿನ ಕಿವಿಯ ಅಚ್ಚು ಕೆಂಪಗೆ ಮೂಡಿತ್ತು.

ಕಚೇರಿ ಮುಚ್ಚುವ ಹೊತ್ತಿಗೆ ಸಿಂಚನಾ ಕಣ್ಣು ತೆರೆದಳು. ಎಲ್ಲಿದ್ದೇನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದೊಡನೆ ತಾನು ಮಗ್ಗುಲಾಗಿರುವುದು ಗೊತ್ತಾಗಿ, ಧಡಕ್ಕನೆ ಅಂಗಾತವಾಗಿ, ಕೈಕಾಲು ನೆಟ್ಟಗೆ ಮಾಡಿದಳು.

“ಎಷ್ಟು ಬಂತ್ರಿ ಅತ್ತೀ?”

“ಸೊನ್ನಿ” ಎಂದಳು ಶಶಕ್ಕ, ಅವಳ ಭುಜದ ಮೇಲೆ ಕೈಯಿಟ್ಟು. “ಸೊನ್ನಿ ಬಂತವ್ವಾ. ಪಂಪೂ ನಿಂದ, ನಿದ್ದೀನೂ ನಿಂದ. ಆ ಮಗ್ಗಲಾ ಸಾಕಾಗಿದ್ರ ಈ ಮಗ್ಗಲಕ್ಕ ಹೊರಳು.”